ಅಣ್ಣನ ಕಾರು ಮತ್ತೆ ಸದ್ದು ಮಾಡಿತು

ಆ ಸದ್ದು ಕೇಳಿದ್ದೇ ತಡ, ಶಿವಕಾಂತಾಳ ಎದೆ ಧಸಕ್ ಎಂದಿತು!

ಮೊದಲು ಡೀಸೆಲ್ ಎಂಜಿನ್ನಿನ ಗುಡುಗು... ಆಮೇಲೆ ಅದರ ಮೇಲೇರಿ ಬರುವ ಟರ್ಬೊದ ಸಣ್ಣ ಸಿಳ್ಳು. ಭಾಲ್ಕಿಯ ಈ ಓಣಿಯೊಳಗೆ ಹಾಗೆ ಸಿಳ್ಳು ಹಾಕುತ್ತ ಬರುತ್ತಿದ್ದ ಕಾರು ಒಂದೇ ಒಂದು. ಅವಳ ಅಣ್ಣ ಅವಿನಾಶನದು.

ಅವಿನಾಶ ಸತ್ತು ಹದಿನಾಲ್ಕು ತಿಂಗಳಾಗಿತ್ತು.

ಬರಿಗಾಲಲ್ಲೇ ಹೊರಗೆ ಓಡಿದಳು. 'ಅಣ್ಣಾ...' ಎಂಬ ಕೂಗು ಗಂಟಲ ತನಕ ಬಂದಿತ್ತು. ಆದರೆ ಸ್ಟೀರಿಂಗ್ ಹಿಂದೆ ಕುಳಿತವನು ಬೇರೆ ಯಾರೋ. ಗ್ರೀಸ್ ಮೆತ್ತಿದ ಅಂಗಿ, ನಿದ್ದೆಗೆಟ್ಟ ಕಣ್ಣು.

"ಯಾರ್ರೀ ನೀವು? ಯಾರನ್ನ ಕೇಳಿ ಈ ಗಾಡಿ ಚಾಲೂ ಮಾಡಿದ್ರಿ?"

"ನಿಮ್ಮ ಅಪ್ಪಾರನ್ನ ಕೇಳೇರಿ. ನಾ ಮಚ್ಛೇಂದ್ರ. ಬೀದರದಾಗ ಗ್ಯಾರೇಜ್ ಅದ."

"ಬಂದ್ ಮಾಡ್ರಿ ಅದನ್ನ!"

"ಎರಡು ನಿಮಿಷ ತಡೀರಿ. ಟರ್ಬೊ ಕಾದದ. ಈಗ ಕೀಲಿ ತಿರುವಿದ್ರ ಒಳಗಿನ ಎಣ್ಣಿ ಸುಟ್ಟು ಹೋಗ್ತದ."

ಎರಡು ನಿಮಿಷ! ಸತ್ತವನ ಉಸಿರು ಕೇಳುತ್ತ ನಿಲ್ಲುವುದು ಎಂದರೆ ಏನೆಂದು ಈ ಮನುಷ್ಯನಿಗೇನು ಗೊತ್ತು?

ಅಪ್ಪ ಹಾವಗೆಪ್ಪ ಕಟ್ಟೆಯ ಮೇಲಿಂದ ಎದ್ದು ಬಂದ. "ಎಂಜಿನ್ ಪೂರಾ ಬಿಚ್ಚಿ ಹೊಸಾದು ಮಾಡಿಸೀನವ್ವಾ. ಔರಾದ ಸಾಲಿಗಿ ಎಷ್ಟ ದಿನ ಬಸ್ಸಿಗಿ ಜೋತು ಬೀಳ್ತಿ?"

ಅವಳು ಔರಾದಿನ ಶಾಲೆಯೊಂದರಲ್ಲಿ ಗಣಿತದ ಟೀಚರ್.

"ಮಾರಿಬಿಡಪ್ಪಾ."

"ಸಾವಿರ ಕಿಲೋಮೀಟರ್ ಓಡಸು. ಆಮ್ಯಾಲೂ ಬ್ಯಾಡಂದ್ರ ಮಾರ್ತೇನಿ. ಈ ಹುಡುಗ ಬಾಜೂಕ ಕೂಡ್ತಾನ."

ಕಾರು ಓಡಿಸಲು ಅವಳಿಗೆ ಕಲಿಸಿದವನೂ ಅವಿನಾಶನೇ. ಅಪ್ಪನ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ.

ಮರುದಿನ ಬೆಳಗ್ಗೆಯಿಂದ ಶುರುವಾಯಿತು ಆ ಹಿಂಸೆ. ಮುಂದೆ ಅವಳು, ಪಕ್ಕದಲ್ಲಿ ಎಂಜಿನ್ನಿಗೆ ಕಿವಿ ಕೊಟ್ಟು ಕುಳಿತ ಮಚ್ಛೇಂದ್ರ, ಹಿಂದಿನ ಸೀಟು ಖಾಲಿ. ಆದರೂ ಕನ್ನಡಿ ನೋಡಿದಾಗಲೆಲ್ಲ ಅಲ್ಲಿ ಯಾರೋ ಈಗಷ್ಟೇ ತಲೆ ತಗ್ಗಿಸಿದ ಹಾಗೆ!

ಅವಳ ವೇಗ ನಲವತ್ತು ದಾಟುತ್ತಿರಲಿಲ್ಲ.

"ಎಕ್ಸಲೇಟರ್ ಜೋರ ಒತ್ತರಿ," ಅವನು ದಿನಾ ರೇಗುತ್ತಿದ್ದ. "ಪಿಸ್ಟನ್ನಿನ ಹೊಸ ರಿಂಗು ಇನ್ನಾ ಸಿಲಿಂಡರಿಗಿ ಒಗ್ಗಿಲ್ಲ. ಒತ್ತಬೇಕು, ಬಿಡಬೇಕು, ಮತ್ತ ಒತ್ತಬೇಕು. ಆವಾಗ ಒಂದಕ್ಕೊಂದು ಕೂಡ್ತಾವ. ಹಿಂಗ ಹೆದರಿ ಹೆದರಿ ಜೋಪಾನ ಮಾಡಿದ್ರನ ಎಂಜಿನ್ ಕೆಡ್ತದ!"

"ನನಗ ಇಷ್ಟ ಸಾಕು."

"ಕನ್ನಡಿ ನೋಡ್ರಿ. ಆ ನೀಲಿ ಹೊಗಿ ಕಾಣ್ತದಲ್ಲ? ಎಣ್ಣಿ ಕುಡ್ಯಾಕತ್ತದ ಅದು."

ದಾರಿಯ ಠಾಣಾ ಕುಶನೂರಿನಲ್ಲಿ ಚಹಾದ ಅಂಗಡಿಯ ಅಫ್ರೋಜ ಮೂರನೇ ದಿನವೇ ನಗಾಡಿದ. "ಕ್ಯಾ ಮಚ್ಛೂ ಭಾಯ್, ಬೈಲಗಾಡಿ ಕೊಡ್ಲೇನು? ಎತ್ತಿನ ಬಂಡಿನ ಇದಕ್ಕಿಂತ ಜೋರ ಹೋಗ್ತದ!"

"ಚುಪ್ ಕೂಡೋ ಅಫ್ರೋಜ. ಟೀಚರಮ್ಮನ ಕೈಯಾಗ ಬಡಿಗಿ ಅದ."

ಅವಳಿಗೆ ನಗು ಬಂತು. ಹದಿನಾಲ್ಕು ತಿಂಗಳ ಮೇಲೆ... ನಕ್ಕದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಕುಶನೂರ ದಾಟಿದರೆ ತೊಗರಿ ಹೊಲದ ತಿರುವು. ಅಲ್ಲಿಗೆ ಬಂದ ಕೂಡಲೇ ಅವಳು ಕಾರು ನಿಲ್ಲಿಸಿ ಇಳಿಯುತ್ತಿದ್ದಳು. ಅವನು ಸ್ಟೀರಿಂಗ್ ಹಿಡಿಯುತ್ತಿದ್ದ. ಅವಳು ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಿರುತ್ತಿದ್ದಳು. ಯಾಕೆಂದು ಅವನು ಕೇಳಲಿಲ್ಲ. ತಿರುವು ದಾಟಿದ ಮೇಲೆ, "ಕಣ್ಣು ತೆರೀರಿ," ಎಂದಷ್ಟೇ ಹೇಳುತ್ತಿದ್ದ. ಆ ದನಿಯೊಳಗೆ ಮಾತ್ರ ರೇಗಾಟ ಇರುತ್ತಿರಲಿಲ್ಲ.

'ಈ ದನಿಗೆ ನಾನು ಕಾಯುತ್ತಿದ್ದೇನೆಯೇ?' ಛೇ...

ಒಂಬತ್ತನೇ ದಿನ ತಿರುವಿನ ಹತ್ತಿರ ಅವಳು ಇಳಿದಳು. ಅವನು ಇಳಿಯಲಿಲ್ಲ.

"ಇವತ್ತ ನೀವ ಓಡಸ್ರಿ. ಮುಂದ ಏರು ಅದ. ಮೂರನೇ ಗೇರಿನಾಗ ಪೂರಾ ಒತ್ತರಿ. ಹೊಗಿ ನಿಲ್ಲಲಿಲ್ಲಂದ್ರ ನಾಳಿಗಿ ಎಂಜಿನ್ ಮತ್ತ ಬಿಚ್ಚಬೇಕು."

"ಬಿಚ್ಚರಿ! ಸುಡ್ರಿ ಅದನ್ನ!" ಅವಳು ಕಿರುಚಿದಳು. "ಜೋರ ಒತ್ತರಿ, ಲಗೂ ನಡೀರಿ... ನಾನೂ ಹಂಗ ಅಂದಿದ್ದೆ! ಬಸ್ ತಪ್ಪಿತ್ತು. ಅಣ್ಣಗ ಫೋನ್ ಮಾಡಿ 'ಲಗೂ ಬಾ, ಎಷ್ಟೊತ್ತು ಕಾಯ್ಲಿ' ಅಂತ ಬೈದೆ. ಅವ ನೂರಾ ಇಪ್ಪತ್ತರಾಗ ಬಂದ. ಇಲ್ಲೇ ಸತ್ತ. ನಾನ ಕೊಂದೆ..."

ಡಾಕ್ಟರು ಹೃದಯ ನಿಂತದ್ದು ಎಂದಿದ್ದರು. ಆದರೆ ಊರಿಗೆ ಡಾಕ್ಟರ ಮಾತು ಯಾಕೆ ಬೇಕು? ನೋಡದವರೇ ಮೊದಲು ಬಾಯಿ ಬಿಟ್ಟರು. ನೂರಾ ಇಪ್ಪತ್ತು ಎಂದು ಅಳೆದು ನೋಡಿದವರ ಹಾಗೆ ಹೇಳಿದರು. ತಂಗಿಯೊಬ್ಬಳು ಅದನ್ನು ಕೇಳಿ ದಿನಾ ಸಾಯುತ್ತಾಳೆಂದು ಒಬ್ಬನಿಗೂ ಅನಿಸಲಿಲ್ಲ!

ಮಚ್ಛೇಂದ್ರ ಕಾರಿನಿಂದ ಇಳಿದು ಬಂದ.

"ಯಾವ ಸೂಳೆಮಗ ಅಂದಾ ನೂರಾ ಇಪ್ಪತ್ತು?"

"ಎಲ್ಲಾರೂ..."

"ಅವಿನಾಶನ್ನ ಈ ಗಾಡಿಯಿಂದ ಹೊರಗ ಎಳದಾವ ನಾನ್ರಿ."

ಅವಳು ಕಾರಿನ ಬಾಗಿಲು ಹಿಡಿದು ಅವನನ್ನೇ ನೋಡಿದಳು.

"ಅವತ್ತ ಡಾಬಕಾ ಊರಿಂದ ಬೈಕಿನ ಮ್ಯಾಲ ಬರ್ತಿದ್ದೆ. ಕಾರು ಅಲ್ಲಿ ಬದುವಿನ ಮ್ಯಾಲ ಕೂತಿತ್ತು. ಮುಂದಿನ ಒಂದು ಗಾಲಿ ಗಾಳಿಯಾಗ ಮೆಲ್ಲಕ ತಿರಗ್ತಿತ್ತು. ಎಂಜಿನ್ ಚಾಲೂ. ಅವ ಎದಿ ಮ್ಯಾಲ ಕೈ ಇಟ್ಕೊಂಡು ಕೂತಿದ್ದ, ನಿದ್ದಿ ಹತ್ತಿದಂಗ. ಗೇರ್ ನಾ ನೋಡೀನಿ. ಎರಡರಾಗ ಇತ್ತು. ಎರಡನೇ ಗೇರಿನಾಗ ನೂರಾ ಇಪ್ಪತ್ತು ಯಾವ ಗಾಡಿ ಹೋಗ್ತದ್ರಿ?"

"ಎರಡನೇ... ಗೇರು?"

"ಎದಿ ನೋವು ಬಂದ ಕೂಡ್ಲೆ ಸ್ಪೀಡ್ ಇಳಿಸ್ಯಾನ, ಗೇರ್ ಇಳಿಸ್ಯಾನ, ಗಾಡಿ ಬಾಜೂಕ ತಗೊಂಡಾನ. ನಿಮ್ಮ ಫೋನಿಗಿ ಹೆದರಿ ಓಡಿ ಬಂದಾವ ಅಲ್ಲ ಅವ. ಸಾಯೋ ಹೊತ್ತಿನಾಗೂ ರೋಡಿನ ಮ್ಯಾಲಿನ ಮಂದೀನ್ನ ಉಳಿಸ್ಯಾನ."

ಅವಳು ರಸ್ತೆಯ ಬದಿಗೆ ಕುಸಿದು ಕುಳಿತಳು. ಅವನು ಸ್ವಲ್ಪ ದೂರದಲ್ಲಿ ಮಂಡಿಯೂರಿದ.

"ಟೆಂಪೋದಾಗ ಹಾಕಿ ದವಾಖಾನಿಗಿ ಒಯ್ದೆ. ಅವನ್ನ ಉಳಿಸೋ ಗಡಿಬಿಡಿಯಾಗ ಕೀಲಿ ತಿರುವೋದು ಮರ್ತೆ. ಕಲ್ಲು ಬಡದು ಎಣ್ಣಿ ಎಲ್ಲಾ ಸೋರಿತ್ತು. ಮಂದಿ ಸುತ್ತ ನಿಂತು ವಿಡಿಯೋ ತಗದ್ರು, ಒಬ್ಬನೂ ಕೀಲಿ ತಿರುವಲಿಲ್ಲ! ಒಣಗಿ ಜಾಮ್ ಆಗೋ ತನಕ ಎಂಜಿನ್ ಚೀರಿದ್ದು ಆ ವಿಡಿಯೋದಾಗ ಕೇಳೀನಿ. ಇವತ್ತಿಗೂ ಕಣ್ಣು ಮುಚ್ಚಿದ್ರ ನನಗ ಅದ ಕೇಳ್ತದ. ಅದಕ್ಕ ನಾನ ಅಪ್ಪಾರನ್ನ ಕೇಳಿ ಈ ಗಾಡಿ ಇಸ್ಕೊಂಡೆ. ಅವನ್ನ ಉಳಿಸ್ಲಿಕ್ಕ ಆಗ್ಲಿಲ್ಲ, ಇದನ್ನಾದ್ರೂ..."

"ಅಪ್ಪಗ ಇದೆಲ್ಲಾ ಗೊತ್ತೇನು?"

"ಗೊತ್ತದ. ಅವಿನಾಶನ ಹೆಸರು ಎತ್ತಿದ್ರ ನೀವು ಎದ್ದು ಹೋಗ್ತೀರಂತ ಸುಮ್ಮಕಿದ್ರು."

ಹೌದು. ಎಷ್ಟು ಸಲ ಅಪ್ಪ ಬಾಯಿ ತೆರೆದಿದ್ದ! ಎಷ್ಟು ಸಲ ಅವಳು ತಟ್ಟೆ ಬಿಟ್ಟು ಎದ್ದಿದ್ದಳು!

ಅವಳು ಮನಸಾರೆ ಅತ್ತಳು. ಆಮೇಲೆ ಅವಳು ಕಣ್ಣೊರೆಸಿಕೊಂಡು ಸ್ಟೀರಿಂಗ್ ಹಿಂದೆ ಹೋಗಿ ಕುಳಿತಳು.

ತಿರುವು ಬಂತು. ಬದು, ತೊಗರಿ ಗಿಡ, ಬಿಸಿಲು. ಅವಳು ಕಣ್ಣು ಮುಚ್ಚಲಿಲ್ಲ. ಏರಿನ ಬುಡದಲ್ಲಿ ಮೂರನೇ ಗೇರು ಹಾಕಿ ಕಾಲು ಒತ್ತಿಯೇ ಬಿಟ್ಟಳು! ಎಂಜಿನ್ ಒಮ್ಮೆ ಬಿಕ್ಕಿತು, ಆಮೇಲೆ ಎದೆ ತುಂಬ ಉಸಿರೆಳೆದುಕೊಂಡು ಮೇಲೇರಿತು.

"ಬಿಡ್ರಿ... ಹಾಂ, ಮತ್ತ ಒತ್ತರಿ!"

ನಾಲ್ಕು ಸಲ, ಐದು ಸಲ, ಬಳಿಕ ಎರಡು ದಿನ ಅದೇ ಏರು, ಅದೇ ಇಳಿಜಾರು. ಮೂರನೇ ಬೆಳಗ್ಗೆ ಕನ್ನಡಿಯೊಳಗೆ ಹೊಗೆ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೂ ತಲೆ ತಗ್ಗಿಸಲೂ ಇಲ್ಲ. ಅವಳಿಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು.

ಔರಾದಿನ ಶಾಲೆಯ ಮುಂದೆ ಕಾರು ನಿಂತಿತು.

"ರಿಂಗು ಕೂತಾವ," ಎಂದ ಮಚ್ಛೇಂದ್ರ. "ಇನ್ನ ನನ್ನ ಕೆಲಸ ಇಲ್ಲಿಲ್ಲ. ಗಾಡಿ ಮಾರ್ತೀರೇನು?"

"ಇಲ್ಲ. ನನ್ನ ಅಣ್ಣಂದು ಅದು."

"ಚೊಲೋ ಆತು." ಅವನು ಬಾಗಿಲ ಮೇಲೆ ಕೈ ಇಟ್ಟ. ತೆರೆಯಲಿಲ್ಲ. "ಬೀದರಕ್ಕ ಬಸ್ ಹಿಡೀಬೇಕು. ಆದ್ರ... ಕಾಲ ಏಳವಲ್ಲವು. ನಿಮ್ಮನ್ನ ಬಿಟ್ಟು ಹೋಗ್ಲಿಕ್ಕ ಮನಸ ಬರವಲ್ದು."

ಅವಳ ಕಿವಿ ಕೆಂಪಾಯಿತು. ಮುಂದಿನ ಗಾಜನ್ನೇ ನೋಡುತ್ತ ಹೇಳಿದಳು:

"ಹೋಗಬ್ಯಾಡ್ರಿ ಮತ್ತ."

"ಏನಂದ್ರಿ?"

"ಟೀಚರ್ ಅದೀನಿ. ಒಂದು ಮಾತು ಎರಡ ಸಲ ಹೇಳಲ್ಲ."

"ನಾ ಏಳನೇತ್ತಕ್ಕ ಸಾಲಿ ಬಿಟ್ಟಾವ್ರಿ. ಎರಡ ಸಲ ಹೇಳಿದ್ರನ ತಲಿಗಿ ಹೋಗ್ತದ."

ಅವಳು ಅವನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಹೋಗಬ್ಯಾಡ ಮಚ್ಛೇಂದ್ರ... ನನ್ನ ಬಾಜೂಕ ಇರು."