ನಿಂಗಿಯ ಅಳತೆ

ಬಹಳ ಕಾಲದ ಹಿಂದೆ, ಸೂರ್ಯ ವರ್ಷಕ್ಕೆ ನಾಲ್ಕೇ ಸಲ ಮುಖ ತೋರಿಸುತ್ತಿದ್ದ ಕಾವಳಪುರವೆಂಬ ರಾಜ್ಯದಲ್ಲಿ ಹಾಲವ್ವ ಎಂಬ ಹುಡುಗಿ ಇದ್ದಳು. ಅವಳು ದರ್ಜಿಯ ಮಗಳಲ್ಲ, ಹೊಲಿಗೆ ಅವಳ ಕಸುಬೂ ಅಲ್ಲ. ಹಗಲೆಲ್ಲ ಊರವರ ಜೋಳ ಬೀಸಿ, ಸಂಜೆ ಕೈ ತೊಳೆದು ಸೂಜಿ ಹಿಡಿಯುತ್ತಿದ್ದಳು. ಅದೇ ಅವಳ ಖುಷಿ. ತನಗೊಂದು ಕುಪ್ಪಸ, ಗೆಳೆಯರಿಗೊಂದು ಅಂಗಿ ಎಂದು ಸಿಕ್ಕ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದಳು. ಮೊದಮೊದಲು ತೋಳು ಹಿಂದುಮುಂದಾಗುತ್ತಿತ್ತು. ಗೆಳೆಯರು ನಗುತ್ತಲೇ ತೊಡುತ್ತಿದ್ದರು.

ಗೆಳೆಯರು ಮೂವರು. ಗಡಿಗೆ ಹೊತ್ತು ಮಾರುವ ಕೊಟ್ರ, ಸದಾ ಏನಾದರೂ ಮೆಲ್ಲುವ ದುಂಡವ್ವ, ಮಾತು ಕಡಿಮೆಯ ನಿಂಗಿ.

ಒಂದು ವರ್ಷ ಚಳಿ ಎಲುಬಿಗೇ ಇಳಿಯಿತು. ಆಗ ಬೂದಿಗಣ್ಣನೆಂಬ ಮಾಂತ್ರಿಕ ಬೆಟ್ಟದಿಂದ ಬಂದು ಎಲ್ಲರಿಗೂ ಬೂದು ಉಣ್ಣೆಯ ನಿಲುವಂಗಿ ಹಂಚಿದ. ಎಲ್ಲಕ್ಕೂ ಒಂದೇ ಅಳತೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ಸಾಲುಗಟ್ಟಿ ಈಸಿಕೊಂಡರು. ರಾಜನೂ ಬಿಡಲಿಲ್ಲ. ತೊಟ್ಟವರೆಲ್ಲ ಮೂರನೆಯ ದಿನಕ್ಕೆ ಕುರಿಗಳಾದರು. ಬೂದಿಗಣ್ಣ ಮಂದೆಯನ್ನು ಬೆಟ್ಟಕ್ಕೆ ಹೊಡೆದುಕೊಂಡು ಹೋದ. ಅವರ ಉಣ್ಣೆ ಕತ್ತರಿಸಿ ತನ್ನ ಮಾಯದ ಮಗ್ಗದಲ್ಲಿ ಮುಂದಿನ ರಾಜ್ಯಕ್ಕೆ ನಿಲುವಂಗಿ ನೇಯುವುದು ಅವನ ಹುನ್ನಾರ.

ತಾನೇ ಹೊಲಿದದ್ದು ಬಿಟ್ಟು ಬೇರೆ ತೊಡಲು ಹಾಲವ್ವನಿಗೆ ಮನಸ್ಸಿರಲಿಲ್ಲ. ಹಾಗಾಗಿ ಅವಳೊಬ್ಬಳೇ ಉಳಿದಳು. ಬಾಗಿಲುಗಳೆಲ್ಲ ತೆರೆದು ಬಿದ್ದ ಊರಿನಲ್ಲಿ ಎರಡು ದಿನ ಅತ್ತಳು. ಆಮೇಲೆ ಸೂಜಿ, ದಾರ, ಕತ್ತರಿ, ಒಂದಿಷ್ಟು ಬಟ್ಟೆ ಗಂಟು ಕಟ್ಟಿಕೊಂಡು ಬೆಟ್ಟ ಹತ್ತಿದಳು. ನನ್ನ ಗೆಳೆಯರನ್ನು ಕೊಡು ಎಂದು ಮಾಂತ್ರಿಕನ ಮುಂದೆ ನಿಂತಳು.

ಮಾಂತ್ರಿಕರಿಗೆ ಸೊಕ್ಕು ಜಾಸ್ತಿ, ಪಂದ್ಯವೆಂದರೆ ಸಾಕು ಕುಣಿಯುತ್ತಾರೆ. ಬೂದಿಗಣ್ಣ ನಕ್ಕು ಹೇಳಿದ: "ದಿನಕ್ಕೊಂದು ಬಟ್ಟೆ ಹೊಲಿ. ಯಾರಿಗೆ ಅಂತ ಹೊಲಿದೆಯೋ ಅವರಿಗೇ ತೊಡಿಸಿದರೆ ಕುರಿ ಮನುಷ್ಯ ಆಗುತ್ತೆ. ಹೊತ್ತು ಮುಳುಗೋದರೊಳಗೆ ಆಗಬೇಕು. ಮೂರು ದಿನ, ಮೂವರು. ಮೂವರೂ ಆದರೆ ನನ್ನ ಮಗ್ಗ ಸೋತಂತೆ, ಮಂದೆಗೆಲ್ಲ ಬಿಡುಗಡೆ. ತಪ್ಪಿ ಬೇರೆ ಕುರಿಗೆ ತೊಡಿಸಿದೆಯೋ, ನೀನೂ ಮಂದೆಗೆ."

ಮಂದೆಯಲ್ಲಿ ಸಾವಿರ ಕುರಿ. ಎಲ್ಲವೂ ಅಕ್ಕಿಕಾಳಿನ ಹಾಗೆ ಒಂದೇ ಥರ.

ಮೊದಲ ದಿನ ಹಾಲವ್ವ ಕೊಟ್ರನಿಗೆ ಅಂಗಿ ಹೊಲಿದಳು. ಗಡಿಗೆ ಹೊತ್ತು ಹೊತ್ತು ಅವನ ಎಡಭುಜ ಎರಡು ಬೆರಳು ಇಳಿದಿತ್ತು, ಅಂಗಿಯನ್ನೂ ಹಾಗೇ ಇಳಿಸಿದಳು. ಎಡಕ್ಕೆ ವಾಲಿ ನಡೆಯುವ ಕುರಿಯನ್ನು ಹುಡುಕಿ ತೊಡಿಸಿದಳು. ಕೊಟ್ರ ಎದ್ದು ನಿಂತ.

ಎರಡನೆಯ ದಿನ ದುಂಡವ್ವನಿಗೆ ಕುಪ್ಪಸ ಹೊಲಿದಳು. ಹುರಿಗಡಲೆಗೆಂದು ಎರಡು ಜೇಬಿಲ್ಲದೆ ದುಂಡವ್ವ ಏನನ್ನೂ ತೊಡುತ್ತಿರಲಿಲ್ಲ. ಕುಪ್ಪಸ ಹಿಡಿದು ಮಂದೆಯೊಳಗೆ ನಡೆದಾಗ ಒಂದು ಕುರಿ ಮೂತಿಯನ್ನು ಸೀದಾ ಜೇಬಿಗೇ ತುರುಕಿತು. ದುಂಡವ್ವ ಎದ್ದು ನಿಂತಳು.

ಮೂರನೆಯ ದಿನ ಹಾಲವ್ವ ನಿಂಗಿಗೆಂದು ಬಟ್ಟೆ ಹಾಸಿ ಕತ್ತರಿ ಎತ್ತಿದಳು. ಕೈ ಅಲ್ಲೇ ನಿಂತಿತು. ನಿಂಗಿಯ ಭುಜ ಎಷ್ಟಗಲ? ತೋಳು ಎಷ್ಟುದ್ದ? ಅವಳಿಗೆ ಗೊತ್ತಿರಲಿಲ್ಲ.

ಬೂದಿಗಣ್ಣ ಬಂಡೆಯ ಮೇಲೆ ಕೂತು ನೋಡುತ್ತಿದ್ದ. "ಇಬ್ಬರು ಸಿಕ್ಕರಲ್ಲ, ಕರಕೊಂಡು ಹೋಗು. ನಾನೇನೂ ಮಾಡೋದಿಲ್ಲ. ಮೂರನೆಯವಳು ನಿನ್ನನ್ನ ಯಾವತ್ತಾದರೂ ಏನಾದರೂ ಕೇಳಿದ್ದಾಳಾ?" ಎಂದ.

ಕೇಳಿರಲಿಲ್ಲ. ಕೊಟ್ರನಿಗೆ ಒಂಬತ್ತು ಅಂಗಿ, ದುಂಡವ್ವನಿಗೆ ಹನ್ನೆರಡು ಕುಪ್ಪಸ ಆಗಿದ್ದವು, ನಿಂಗಿಗೆ ಒಂದೂ ಇಲ್ಲ. ಅಳದ ಕೂಸಿಗೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಯಾರ ಬಟ್ಟೆ ಹೊಲಿಯುವಾಗಲೂ ಅದನ್ನು ತೊಟ್ಟು ಅಂದಾಜಿಗೆ ನಿಲ್ಲುತ್ತಿದ್ದವಳು ನಿಂಗಿಯೇ. ಗಂಟೆಗಟ್ಟಲೆ ಕೈ ಎತ್ತಿ ನಿಂತು, ಸೂಜಿ ಚುಚ್ಚಿದರೂ ಉಸಿರೆತ್ತದೆ, ಆಮೇಲೆ ಅದನ್ನು ಕಳಚಿ ಮಡಿಸಿಟ್ಟು ತನ್ನ ಹರಕಲಲ್ಲೇ ಮನೆಗೆ ಹೋಗುತ್ತಿದ್ದಳು. ನಿನಗೆ ಮುಂದಿನ ಸಲ ಎಂದು ಹಾಲವ್ವ ಪ್ರತಿ ವರ್ಷ ಹೇಳುತ್ತಿದ್ದಳು. ಊರವರು ಆಸೆಗೆ ಬಿದ್ದು ನಿಲುವಂಗಿ ತೊಟ್ಟರು. ನಿಂಗಿ ತೊಟ್ಟದ್ದು ಚಳಿಗೆ. ಇದು ಹೊಳೆದಾಗ ಹಾಲವ್ವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ನೀನೂ ಕುರಿಯಾದರೆ ಏನು ಗತಿ, ಸಿಕ್ಕಷ್ಟೇ ಸಾಕು, ಹೋಗೋಣ ಎಂದು ಕೊಟ್ರ ಕೈ ಹಿಡಿದು ಎಳೆದ. ಹಾಲವ್ವ ಕೈ ಬಿಡಿಸಿಕೊಂಡಳು. "ಅವಳ ಅಳತೆ ತಗೊಳ್ದೆ ನಾ ಬರಂಗಿಲ್ಲ" ಎಂದಳು.

ಅಳತೆಯ ದಾರ ಹಿಡಿದು ಕುರಿಯಿಂದ ಕುರಿಗೆ ನಡೆದಳು. ಕೈ ಎತ್ತು, ಕೈ ಎತ್ತು ಎಂದು ಒಂದೊಂದರ ಮುಂದೆಯೂ ಬಾಗಿದಳು. ಕುರಿಗಳು ದಾರ ಕಂಡು ಬೆದರಿ ಓಡಿದವು. ಮಧ್ಯಾಹ್ನವಾಯಿತು. ಬೂದಿಗಣ್ಣ ಆಕಳಿಸಿದ.

ಮಂದೆಯ ಕೊನೆಯಲ್ಲಿ, ಗಾಳಿ ಬಡಿಯುವ ಕಡೆ, ಒಂದು ಬಡಕಲು ಕುರಿ ಇತ್ತು. ಕೈ ಎತ್ತು ಅಂದಳು ಹಾಲವ್ವ. ಕುರಿ ಮುಂಗಾಲೆತ್ತಿತು. ಎತ್ತಿದ ಕಾಲನ್ನು ಇಳಿಸಲಿಲ್ಲ. ಕೊರಳಿಗೆ ದಾರ ಸುತ್ತಲು ಅನುಕೂಲವಾಗಲೆಂದು ಮುಖವನ್ನು ಪಕ್ಕಕ್ಕೆ ತಿರುಗಿಸಿ ನಿಂತಿತು.

ಹಾಲವ್ವ ಅಳುತ್ತಲೇ ಅಳತೆ ತೆಗೆದುಕೊಂಡಳು. ಉಳಿದ ಬಟ್ಟೆ ಸಾಲಲಿಲ್ಲ, ಒಳ್ಳೆಯದೆಲ್ಲ ಮೊದಲಿಬ್ಬರಿಗೆ ಹೋಗಿತ್ತು. ತನ್ನ ಲಂಗದ ಅಂಚು ಕತ್ತರಿಸಿ ತೋಳಿಗೆ ಹಾಕಿದಳು. ಮಸುಕು ಬೆಳಕು ಬೆಟ್ಟದ ಹಿಂದೆ ಜಾರುತ್ತಿತ್ತು, ಕಣ್ಣು ಮಂಜಾಗಿ ಹೊಲಿಗೆ ಸೊಟ್ಟಗಾಯಿತು. ಕೊನೆಯ ಗಂಟು ಹಾಕಿ ತೊಡಿಸಿದಳು.

ಏನೂ ಆಗಲಿಲ್ಲ. ತನ್ನ ಕೈ ಮೇಲೆ ಉಣ್ಣೆ ಮೂಡಿತೇನೋ ಎಂದು ಹಾಲವ್ವ ನೋಡಿಕೊಂಡಳು. ತಲೆ ಎತ್ತಿದಾಗ ನಿಂಗಿ ಎದುರಿಗೆ ನಿಂತಿದ್ದಳು. ಕೈ ಇನ್ನೂ ಮೇಲೆಯೇ ಇತ್ತು.

ಮಗ್ಗದಿಂದ ದಾರ ತಾನಾಗಿ ಬಿಚ್ಚಿಕೊಂಡಿತು. ಸಾವಿರ ಕುರಿಗಳ ಮೈಯಿಂದ ಬೂದು ಉಣ್ಣೆ ಉದುರಿ ಸಾವಿರ ಮನುಷ್ಯರು ನಡುಗುತ್ತ ಎದ್ದರು. ಬೂದಿಗಣ್ಣನ ನಿಲುವಂಗಿಯೂ ಎಳೆಎಳೆಯಾಗಿ ಬಿಚ್ಚಿ ಬಂಡೆಯ ಮೇಲೆ ಬಿತ್ತು. ಅದರೊಳಗೆ ಯಾರೂ ಇರಲಿಲ್ಲ. ಜನ ಊರಿಗೆ ಇಳಿದರು, ಒಲೆ ಹಚ್ಚಿದರು, ಬಹಳ ಕಾಲ ಸುಖವಾಗಿ ಬದುಕಿದರು.

ಆದರೆ ಅವರೆಲ್ಲ ಊರು ಮುಟ್ಟಿದ ಮೇಲೂ ಹಾಲವ್ವ, ನಿಂಗಿ ದಾರಿಯಲ್ಲೇ ಇದ್ದರು. ಅರ್ಧ ಬೆಟ್ಟ ಇಳಿದಾಗ ನಿಂಗಿ ನಿಂತಳು. ಏನೋ ಹೇಳಲು ಹೋಗಿ ಬಾಯಿ ಮುಚ್ಚಿದಳು, ಮತ್ತೆ ತೆರೆದಳು.

"ಕಂಕುಳಾಗ ಬಿಗಿ ಆಗೇತಿ ಕಣೆ. ಸಡಿಲ ಮಾಡಿಕೊಡ್ತೀಯಾ?"

ಹಾಲವ್ವ ದಾರಿಬದಿಯ ಕಲ್ಲಿನ ಮೇಲೆ ಕೂತು ಗಂಟು ಬಿಚ್ಚಿ ಕತ್ತರಿ ತೆಗೆದಳು.