ನಳಿಗೆಯಲ್ಲಿ ಉಳಿದ ಗುಂಡು

ಹೊಗೆ ಕರಗಿದಾಗ ಬಂದೂಕು ದುರಸ್ತಿಗಾರ ನೆಲದ ಮೇಲಿದ್ದ. ಬಂದೂಕಿನ ಹಿಂಬದಿಯ ಕಬ್ಬಿಣದ ಕುಡಿಕೆ ಹಾರಿ ಎದೆಗೆ ಬಡಿದಿತ್ತು. ಜೀವ ಅಲ್ಲೇ ಹೋಗಿತ್ತು.

ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಮ್ಯೂಸಿಯಂ ಅಂಗಳದ ತುಂಬ, ಹಳೇ ಬಂದೂಕು ಹಾರಿಸುವುದನ್ನು ನೋಡಲು ಬಂದವರ ಕುರ್ಚಿಗಳು ಅಡ್ಡಾದಿಡ್ಡಿ ಬಿದ್ದಿದ್ದವು.

"ತಾನೇ ಎಡವಟ್ಟು ಮಾಡ್ಕೊಂಡ," ಎಂದರು ಮ್ಯೂಸಿಯಂ ಮುಖ್ಯಸ್ಥರು. "ಇನ್ನು ಈ ಪೀಡೆ ಬಂದೂಕು ಉಗ್ರಾಣಕ್ಕೆ."

ಸತ್ತವನ ಹೆಂಡತಿ ಅಳುತ್ತಿರಲಿಲ್ಲ. "ಅವರು ಎಡವಟ್ಟು ಮಾಡೋರಲ್ಲ. ಹಾಗಂತ ಬರೀಬೇಡಿ ಮೇಡಂ. ನಾನು ಕೇಳೋದು ಅಷ್ಟೇ."

ಇನ್ಸ್‌ಪೆಕ್ಟರ್ ಬಂದೂಕಿನ ಪಕ್ಕ ಕುಳಿತಳು. ಶತಮಾನಗಳಷ್ಟು ಹಳೆಯದು, ನಳಿಗೆಯನ್ನು ಸತ್ತವನೇ ದುರಸ್ತಿ ಮಾಡಿದ್ದ. ಆ ಕಾಲದ ಬೇರೆ ಬಂದೂಕುಗಳಿಗೆ ಮದ್ದು, ಗುಂಡು ಎರಡನ್ನೂ ಬಾಯಿಂದ ತುರುಕಿ ಗಜ ಎಂಬ ಉದ್ದ ಕೋಲಿನಿಂದ ಜಡಿಯಬೇಕು. ಇದಕ್ಕೆ ಹಿಂದಿನಿಂದ. ಮದ್ದು ತುಂಬಿದ ಕುಡಿಕೆ ಇಟ್ಟು, ಅದು ಅಲುಗದಂತೆ ಬೆಣೆ ಹೊಡೆದರೆ ಆಯಿತು. ಇವತ್ತಿನ ತೋಟಾ ಈ ಕುಡಿಕೆಯ ಮರಿಮಗ ಎಂದು ಸತ್ತವನು ಆಗಷ್ಟೇ ಸಭೆಯನ್ನು ನಗಿಸಿದ್ದನಂತೆ.

ಬೆಣೆ ಎರಡು ತುಂಡಾಗಿತ್ತು.

"ಬೆಣೆ ಮಾಡಿದ ಕಮ್ಮಾರನ ಕೆಲಸ," ಎಂದ ಸತ್ತವನ ಅಣ್ಣ. ಅವನೂ ಬಂದೂಕಿನವನೇ, ಬಾಯಿಂದ ತುಂಬುವ ಬಂದೂಕುಗಳ ನಡುವೆಯೇ ತಲೆ ನರೆತಿತ್ತು. "ಹೋದ ವಾರ ತಮ್ಮ ಅವನಿಗೆ ಛೀಮಾರಿ ಹಾಕಿದ್ದ. ಸೇಡು ತೀರಿಸ್ಕೊಂಡ."

* * *

"ಬೈದಿದ್ದು ನಿಜ," ಎಂದ ಕಮ್ಮಾರ. "ಮೊದಲನೇ ಬೆಣೆ ಸರಿ ಇರಲಿಲ್ಲ. ಇದನ್ನ ಎದುರು ನಿಂತು ಬಡಿಸಿದ್ರು. ಸದ್ದಿಗೆ ಅಂತ ಹಾಕಿದ ಒಂದ್ ಹಿಡಿ ಮದ್ದಿಗೆ ಮುರಿಯೋದಾ? ಗುಂಡೇ ಇರಲಿಲ್ಲವಲ್ಲ!"

ಇನ್ಸ್‌ಪೆಕ್ಟರ್ ತಟ್ಟನೆ ಎದ್ದಳು. ಅಂಗಳಕ್ಕೆ ವಾಪಸಾಗಿ ನಳಿಗೆಗೆ ಟಾರ್ಚ್ ಹಿಡಿದಳು. ಬೆಳಕು ಆ ಕಡೆ ದಾಟಲಿಲ್ಲ.

* * *

ನಳಿಗೆಯಿಂದ ತೆಗೆದ ಮೂರು ಸೀಸದ ಗುಂಡುಗಳು ಮೇಜಿನ ಮೇಲೆ, ಬಂದೂಕಿನ ಪಕ್ಕದಲ್ಲಿದ್ದವು.

"ಮುಂದೆ ದಾರಿ ಕಟ್ಟಿತ್ತು," ಎಂದಳು ಇನ್ಸ್‌ಪೆಕ್ಟರ್. "ಮದ್ದಿನ ಬಲವೆಲ್ಲ ಹಿಂದಕ್ಕೆ ಬಂತು."

"ಅವನೇ ಮರೆತು ಬಿಟ್ಟಿರ್ಬೇಕು," ಎಂದ ಅಣ್ಣ.

"ಇಲ್ಲ ಭಾವ," ಎಂದಳು ಹೆಂಡತಿ. "ಕುಡಿಕೆ ಇಡೋ ಮುಂಚೆ ಹಿಂದಿನಿಂದ ಇಣುಕಿ ನೋಡಿದ್ರು. ನನಗೂ ತೋರಿಸಿದ್ರು. ಆಕಾಶ ಕಾಣ್ತಿತ್ತು."

"ಅಂದ್ರೆ ಇವು ಹೋಗಿದ್ದು ಆಮೇಲೆ, ಬಾಯಿಂದ. ಅವರು ಭಾಷಣ ಮಾಡ್ತಿದ್ದಾಗ ಬಂದೂಕು ಪರದೆ ಹಿಂದಿತ್ತು. ಅಲ್ಲಿದ್ದೋರು ಇಬ್ಬರೇ." ಇನ್ಸ್‌ಪೆಕ್ಟರ್ ಅಣ್ಣನ ಕಡೆ ತಿರುಗಿದಳು. " ನೀವು, ಕಮ್ಮಾರ."

"ಮತ್ತೆ? ಅವನನ್ನ ಹಿಡೀರಿ!"

ಇನ್ಸ್‌ಪೆಕ್ಟರ್ ಒಂದು ಗುಂಡನ್ನು ತಿರುಗಿಸಿದಳು. ಅದರ ಮೈಗೆ ಎಣ್ಣೆ ಹಚ್ಚಿದ ಬಟ್ಟೆ ಅಂಟಿತ್ತು. "ಮೂರಕ್ಕೂ ಹೀಗೇ ಸುತ್ತಿದೆ. ಬಾಯಿಂದ ತುಂಬೋರು ಗುಂಡು ಬಿಗಿಯಾಗಿ ಕೂರಲಿ ಅಂತ ಮಾಡೋದು ಇದು. ಬರೀ ದಾರಿ ಕಟ್ಟೋಕೆ ಇಷ್ಟು ಅಚ್ಚುಕಟ್ಟು ಯಾಕೆ? ಕಮ್ಮಾರನಿಗೆ ಇದು ಗೊತ್ತೇ ಇಲ್ಲ. ಬಾಯಿಂದ ತುಂಬಿ ಪಳಗಿದ ಕೈ ಮಾತ್ರ ಯೋಚನೆ ಮಾಡದೆ ಬಟ್ಟೆ ಸುತ್ತುತ್ತೆ."

ಅಣ್ಣ ಕೈಗಳನ್ನು ಮೇಜಿನ ಕೆಳಗಿಳಿಸಿದ.

"ಗಜ ಹಿಡಿಯೋದನ್ನ ಅವನಿಗೆ ಕಲಿಸಿದ್ದೇ ನಾನು. ಅವನ ಒಂದು ಬಂದೂಕಿಗೆ ಇಡೀ ಹಾಲ್ ಕೊಟ್ರು. ನನ್ನವನ್ನ ಮೆಟ್ಟಿಲ ಕೆಳಗೆ ಪೇರಿಸಿದ್ರು. ಕೊಲ್ಲೋಕಲ್ಲ ಕಣಮ್ಮ. ಅದರ ನಳಿಗೆ ಎಲ್ಲರೆದುರು ಸೀಳಿ ಹೋಗ್ಬೇಕಿತ್ತು. ಅವನ ಮುಖ ಒಂದ್ಸಲ ಸಪ್ಪಗಾಗ್ಬೇಕಿತ್ತು. ಅಷ್ಟೆ."

ಹೆಂಡತಿ ನಳಿಗೆಯ ಉದ್ದಕ್ಕೂ ಕೈಯಾಡಿಸಿದಳು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

"ಸೀಳಿಲ್ಲ ಭಾವ," ಎಂದಳು. "ಅವರ ಕೆಲಸ ಅಷ್ಟು ಗಟ್ಟಿ."