ಫ್ರೀಜರಿನಲ್ಲಿ ಉಳಿದಿದ್ದ ದಿನಕರ

೨೦೦೮ರ ನವೆಂಬರ್ ೧೮, ಬೆಳಿಗ್ಗೆ ಹತ್ತೂವರೆ. ವಿಶಾಖಪಟ್ಟಣದ ಗಾಜುವಾಕ ಠಾಣೆಗೆ ಬಂದ ದೂರನ್ನು ಓದಿ ಇನ್‌ಸ್ಪೆಕ್ಟರ್ ಈಶ್ವರಯ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಸರ, ಸೈಕಲ್, ತಾಮ್ರದ ತಂತಿ ಕಳುವಾಗುವುದು ಅವರಿಗೆ ಹೊಸದಲ್ಲ. ಇಲ್ಲಿ ಕಳುವಾಗಿದ್ದು ಸತ್ತವನೊಬ್ಬನ ರಕ್ತ.

ದೂರು ತಂದವರು ಖಾಸಗಿ ಆಸ್ಪತ್ರೆಯ ಸಂಶೋಧಕಿ ಡಾ. ಮೇಧಾ, ಮೈಸೂರಿನವರು. ಈಶ್ವರಯ್ಯ ಕರ್ನಾಟಕದ ಗಡಿಯ ಮಡಕಶಿರಾದವರಾದ್ದರಿಂದ ಮಾತು ಕನ್ನಡದಲ್ಲೇ ನಡೆಯಿತು.

"ಯಾರ ರಕ್ತ?"

"ದಿನಕರ ಅಂತ ಸಾರ್. ವಿಜಯವಾಡದ ಆಟೋನಗರ್‌ನ ಒಂದು ಶೆಡ್ಡಿನಲ್ಲಿ ಬಂಪರ್‌ಗಳಿಗೆ ಕ್ರೋಮ್ ಹಾಕ್ತಿದ್ದರು. ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಬಂದರಿನಲ್ಲಿ ಬೆಂಕಿ ಆರಿಸೋರು, ಟಾರ್ಪಾಲಿಗೆ ಲೇಪ ಬಳಿಯೋರು, ಎಲ್ಲರ ರಕ್ತದಲ್ಲೂ ಒಂದೇ ರಾಸಾಯನಿಕ ಸಿಕ್ಕಿದೆ. ಕರಗಲ್ಲ, ಕೊಳೆಯಲ್ಲ. ಮೈಗೆ ಸೇರಿದರೆ ವರ್ಷಗಟ್ಟಲೆ ಹೋಗಲ್ಲ."

"ಒಂದು ರಕ್ತದ ಶೀಶೆ ಹೋದರೆ ಏನಾಯ್ತು?"

"ಆ ಶೆಡ್ಡಿನಲ್ಲಿ ಇನ್ನೂ ಆರು ಜನ ಅದೇ ಕ್ರೋಮ್ ತೊಟ್ಟಿ ಮುಂದೆ ನಿಂತಿದಾರೆ. ಅವರ ಪರವಾಗಿ ಮಾಲೀಕನ ಮೇಲೆ ಕೇಸಿದೆ. ರಕ್ತವನ್ನ ಬೇರೆ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಅಂತ ಕೋರ್ಟು ಹೇಳಿದೆ. ಕೆಲಸ ಹೋಗುತ್ತೆ ಅಂತ ಆ ಆರು ಜನ ರಕ್ತ ಕೊಡ್ತಿಲ್ಲ. ಆ ಶೆಡ್ಡಿನದು ಅಂತ ನಮ್ಮ ಹತ್ತಿರ ಇದ್ದದ್ದು ಅದೊಂದೇ."

ಐಪಿಸಿ ೩೮೦ರಡಿ ಎಫ್‌ಐಆರ್ ಆಯಿತು. ಕಾನ್‌ಸ್ಟೇಬಲ್ ಗಿರಿಜಾಳೊಂದಿಗೆ ಈಶ್ವರಯ್ಯ ಪಂಚನಾಮೆಗೆ ಹೋದರು. ಫ್ರೀಜರಿನ ಬೀಗ ಒಡೆದಿರಲಿಲ್ಲ. ಬೀಗದಕೈ ಪಕ್ಕದ ಮೊಳೆಯಲ್ಲೇ ತೂಗುತ್ತಿತ್ತು. ಇಂಥ ಭದ್ರತೆಗೆ ಕಳ್ಳ ಬೇರೆ ಬೇಕೇ ಎಂದುಕೊಂಡರು. ಬಾಗಿಲು ತೆಗೆದಾಗ ಬಿಳಿ ಹಬೆ ಸದ್ದಿಲ್ಲದೆ ಇಳಿದು ಅವರ ಪಾದ ಮುಚ್ಚಿತು. ಸಾಲುಸಾಲು ಶೀಶೆಗಳ ನಡುವೆ ಒಂದೇ ಒಂದು ಗುಳಿ ಖಾಲಿಯಿತ್ತು. ಗಿರಿಜಾ ಟಾರ್ಚ್ ಬೆಳಕು ಬಿಟ್ಟಳು. ತಳದಲ್ಲಿ ಮಂಜು ಹಿಡಿದ ಕರಿ ಎಳ್ಳು.

"ಅಮ್ಮೋ! ಸತ್ತವರಿಗೆ ಬಿಡೋದಲ್ವಾ ಸಾರ್ ಇದು?" ಎಂದು ಅವಳು ಕೈ ಹಿಂದೆಗೆದಳು.

"ಶೆಡ್ಡಿನ ಮಾಲೀಕನೇ ಮಾಡಿಸಿರೋದು," ಎಂದರು ಮೇಧಾ.

"ಮಾಲೀಕನ ಆಳು ಎಳ್ಳು ಬಿಟ್ಟು ಹೋಗಲ್ಲ ಡಾಕ್ಟರೇ. ಈ ಶೀಶೆ ಕೇಳಿಕೊಂಡು ಯಾರಾದರೂ ಬಂದಿದ್ರಾ?"

ಮೇಧಾರ ಮುಖ ಬಿಳಚಿಕೊಂಡಿತು. "ಅವರ ಹೆಂಡತಿ, ಅನಸೂಯಾ. ಹೋದ ವಾರ. ಎಷ್ಟು ದಿನ ಇಡ್ತೀರಿ ಅಂದರು. ಎಷ್ಟು ವರ್ಷವಾದರೂ ಹೀಗೇ ಇರುತ್ತೆ ಅಂದೆ. ಧೈರ್ಯ ಹೇಳೋಕೆ ಅಂದದ್ದು ಸಾರ್."

ಮರುದಿನ ಈಶ್ವರಯ್ಯ, ಗಿರಿಜಾ ವಿಜಯವಾಡದಲ್ಲಿದ್ದರು. ಶೆಡ್ಡಿನ ತೊಟ್ಟಿಯ ಮೇಲೆ ದಪ್ಪ ಬಿಳಿ ನೊರೆ. ವಿಷದ ಹಬೆ ಏಳದಿರಲೆಂದು ಹಾಕುವ ದ್ರವದ ನೊರೆ; ಮೇಧಾ ಹೇಳಿದ ರಾಸಾಯನಿಕ ಇರುವುದು ಅದರಲ್ಲೇ. ನೊರೆ ಮಲಗಿದವರ ಎದೆಯ ಹಾಗೆ ಉಬ್ಬುತ್ತ ಇಳಿಯುತ್ತ ಇತ್ತು. ಗೋಡೆಯ ಮೊಳೆಯಲ್ಲಿ ದಿನಕರನ ಅಂಗಿ ಇನ್ನೂ ನೇತಾಡುತ್ತಿತ್ತು. ತೆಗೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಹಿರಿಯ ಕೆಲಸಗಾರನೊಬ್ಬ ತೆಲುಗಿನಲ್ಲಿ ಪಿಸುಗುಟ್ಟಿದ: "ಕೃಷ್ಣೆಯ ದಂಡೆಯಲ್ಲಿ ಪಿಂಡ ಇಟ್ಟೆವು ಸಾರ್. ಕಾಗೆಗಳು ಸುತ್ತ ಕೂತು ನೋಡ್ತಾನೇ ಇದ್ದವು. ಒಂದೂ ಮುಟ್ಟಲಿಲ್ಲ. ಅವನ ಹೆಂಡತಿ, ಆಯಮ್ಮ, ಹೊತ್ತು ಮುಳುಗೋವರೆಗೂ ಕೂತಿದ್ದಳು."

ಈಶ್ವರಯ್ಯನವರ ಮೈ ಜುಮ್ಮೆಂದಿತು. ಪೊಲೀಸರಿಗೆ ಹೆದರಿಕೆಯಿಲ್ಲ ಎನ್ನುವುದು ಜನ ಹೇಳುವ ಮಾತು.

ಅನಸೂಯಾಳ ಕೋಣೆ ಶೆಡ್ಡಿನ ಹಿಂದೆಯೇ ಇತ್ತು. ಸಿಂಧನೂರು ಕಡೆಯವಳು. ಕನ್ನಡ ಕೇಳಿದ್ದೇ ನೀರು ತಂದು ಕೊಟ್ಟಳು.

"ಶೀಶೆ ನೀನೇ ತಗೊಂಡ್ಯೇನಮ್ಮಾ?"

"ಹೌದ್ರಿ. ಕಸ ಹೊಡಿಯೋರ ಜೋಡಿ ಒಳಗ ಹೋದೆ."

"ಯಾಕೆ?"

"ಪೂರಾ ಸುಟ್ಟು ಬಂದೀವಿ ಅಂದ್ಕೊಂಡಿದ್ನಿರಿ. ದಿನಾ ಕನಸಿನ್ಯಾಗ ಬಂದು ಬಾಗಲ ಮೂಲ್ಯಾಗ ಕುಂದರತಿದ್ರು. ಗಡಗಡ ನಡುಗ್ಕೋಂತ, ಥಂಡಿ ಥಂಡಿ ಅಂತಿದ್ರು. ಬರ್ಫಿನ್ಯಾಗ ಇಟ್ಟಾರ ಅಂತ ನನಗಾಗ ಗೊತ್ತs ಇರಲಿಲ್ಲರಿ."

"ಈಗೆಲ್ಲಿದೆ?"

"ಹೊಳಿಗೆ ಬಿಟ್ಟೆ. ಇನ್ನೊಂದು ಪಿಂಡ ಇಟ್ಟೆ. ಕೈ ತೆಗಿಯೂದ್ರಾಗ ಕಾಗಿ ಬಂತು." ಅವಳ ಮುಖ ಅರಳಿತ್ತು.

ಆ ವಸ್ತು ಹೊಳೆಯಲ್ಲೂ ಕರಗುವುದಿಲ್ಲವೆಂದು ಹೇಳಲು ಈಶ್ವರಯ್ಯನವರಿಗೆ ಬಾಯಿ ಬರಲಿಲ್ಲ. ಆರು ಜನರ ಕೇಸಿಗೆ ಅದೊಂದೇ ಆಧಾರವಾಗಿತ್ತು ಎಂಬುದನ್ನು ಮಾತ್ರ ಹೇಳಿದರು. ಅವಳು ಶೆಡ್ಡಿನ ಕಡೆ ತಿರುಗಿ ನೋಡಿದಳು. "ಯಾರೂ ಹೇಳಲಿಲ್ಲಲ್ರಿ ನನಗ. ಆ ಹುಡುಗೂರು ಇವರ ಹೆಣಕ್ಕ ಹೆಗಲು ಕೊಟ್ಟಾರಿ..."

ದೇವರ ಗೂಡಿನಲ್ಲಿ ಸಿಕ್ಕ ತೊಳೆದ ಶೀಶೆಯನ್ನು ಜಪ್ತಿ ಮಾಡಿದರು. ಮಧ್ಯಾಹ್ನ ಮೂರು ಗಂಟೆಗೆ ಗಿರಿಜಾ ಅವಳನ್ನು ಬಂಧಿಸಿದಳು. ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಈಶ್ವರಯ್ಯ ಬರೆದರು: ಲಾಭಕ್ಕಾಗಿ ಅಲ್ಲ, ಗಂಡನ ಸದ್ಗತಿಗಾಗಿ.

ವಿಶಾಖಪಟ್ಟಣದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಮೊದಲು ವೈದ್ಯಕೀಯ ತಪಾಸಣೆ. ಮೇಧಾ ಅಲ್ಲಿಗೇ ಬಂದರು.

"ಅವರ ಕೆಲಸದ ಬಟ್ಟೆ ಯಾರು ಒಗೀತಿದ್ದರು?"

"ನಾನs ರಿ. ಲಗ್ನ ಆದಾಗಿಂದ."

"ಹಾಗಾದರೆ ನಿಮ್ಮ ರಕ್ತದಲ್ಲೂ ಅದು ಇರಬಹುದಮ್ಮಾ. ಒಂದು ಶೀಶೆ ಕೊಟ್ಟರೆ ಆ ಆರು ಜನರಿಗೆ ಆಧಾರವಾಗುತ್ತೆ. ನಿಮ್ಮಿಷ್ಟ, ಬಲವಂತ ಇಲ್ಲ."

ಅನಸೂಯಾ ಮೇಧಾರ ಕೈಯಲ್ಲಿದ್ದ ಖಾಲಿ ಶೀಶೆಯನ್ನೇ ನೋಡಿದಳು. ಶೀಶೆ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಹೆದರಿಕೆ ಕಣ್ಣಲ್ಲೇ ಕಾಣುತ್ತಿತ್ತು. ಕೊನೆಗೆ ತೋಳು ಚಾಚಿ, ಈಶ್ವರಯ್ಯನವರ ಕಡೆ ತಿರುಗಿದಳು.

"ನಾ ಸತ್ತ ಮ್ಯಾಲ ಅದನ್ನ ಅಲ್ಲಿಂದ ತೆಗಸ್ರಿ ಸಾಹೇಬ್ರ. ನನಗ ಮಕ್ಕಳಿಲ್ಲ. ನಾ ನಡುಗ್ಕೋಂತ ಕುಂತ್ರ, ಯಾರ ಕನಸಿನ್ಯಾಗ ಹೋಗ್ಲಿ?"

"ನನ್ನ ಕನಸಿಗೆ ಬಾರಮ್ಮ," ಎಂದರು ಈಶ್ವರಯ್ಯ. "ತೆಗೆಸ್ತೀನಿ."

ಮೇಧಾ ಶೀಶೆಯ ಮೇಲೆ ಹೆಸರು ಬರೆದು ಮಂಜುಗಡ್ಡೆಯ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. ಅನಸೂಯಾ ಸೆರಗನ್ನು ಎರಡೂ ಭುಜಕ್ಕೆ ಬಿಗಿಯಾಗಿ ಹೊದ್ದುಕೊಂಡಳು.